ಎರಡನೆಯ ಕೀ

ನಾಗಮಂಗಲ
೩ ಜೂನ್ ೨೦೨೪

ಪಾಲಹಳ್ಳಿಯ ಶ್ರೀ ಶಿವಣ್ಣನವರಿಗೆ ನಮಸ್ಕಾರ.

ಪಾಂಡವಪುರದಲ್ಲಿ ಸ್ಪೇರ್‌ಪಾರ್ಟ್ಸ್ ಅಂಗಡಿಯ ಗೋಡೆಗೆ ನೀವು ಅಂಟಿಸಿದ ಕೈಬರಹದ ಚೀಟಿ ನೋಡಿದೆ. 'ನಾನ್ನೂರು ಸಿ.ಸಿ. ಟೂರಿಂಗ್ ಬೈಕು ಮಾರಾಟಕ್ಕಿದೆ. ಒಬ್ಬರೇ ಓಡಿಸಿದ್ದು. ಫೋನ್ ನಂಬರ್ ಕೊಡುವುದಿಲ್ಲ. ನಿಜವಾಗಿ ಬೇಕಾದವರು ಪತ್ರ ಬರೆಯಿರಿ.' ಓದಿ ನಗು ಬಂತು. ಆಮೇಲೆ, ಫೋನ್ ನಂಬರ್ ಕೊಡದವರು ಇನ್ನೇನನ್ನು ಮುಚ್ಚಿಡುತ್ತಿರಬಹುದು ಎಂದು ಯೋಚನೆಯೂ ಬಂತು. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಬೈಕು ನಿಜವಾಗಿ ಬೇಕು.

ಕೆಲವು ಪ್ರಶ್ನೆಗಳಿವೆ. ಸೀಟು ನೆಲದಿಂದ ಎಷ್ಟು ಎತ್ತರ? ಕುಳ್ಳಗಿರುವವರಿಗೆ ಎರಡೂ ಕಾಲು ನೆಲಕ್ಕೆ ಸಿಗುತ್ತವೆಯೇ? ಸೈಲೆನ್ಸರ್ ಕಂಪನಿಯದೇ ಅಥವಾ ಬದಲಾಯಿಸಿದ್ದೇ? ನನಗೆ ಸದ್ದು ಕಡಿಮೆ ಇರಬೇಕು. ಎರಡು ಕೀಗಳೂ ಇವೆಯೇ? ಮಾರುತ್ತಿರುವುದು ಯಾಕೆ?

ಉತ್ತರವನ್ನು ಮೇಲಿನ ಆಫೀಸಿನ ವಿಳಾಸಕ್ಕೇ ಕಳಿಸಿ. ಮನೆಗೆ ಬೇಡ.

ಇಂತಿ,
ಕೆ.ಪಿ.


ಪಾಲಹಳ್ಳಿ
೯ ಜೂನ್ ೨೦೨೪

ಶ್ರೀ ಕೆ.ಪಿ. ಅವರಿಗೆ ಶಿವಣ್ಣನ ವಂದನೆಗಳು.

ಚೀಟಿ ನೋಡಿ ನಕ್ಕಿರಿ, ಸಂತೋಷ. ಮೊದಲು ನಾನೂ ಎಲ್ಲರಂತೆ ಮೊಬೈಲಿನಲ್ಲೇ ಜಾಹೀರಾತು ಹಾಕಿದ್ದೆ. ಮಿಲಿಟರಿಯವನು ಎಂದು ಹೇಳಿಕೊಂಡ ಒಬ್ಬ, ಅಡ್ವಾನ್ಸ್ ಕಳಿಸುತ್ತೇನೆ ಎಂದು ಏನನ್ನೋ ಒತ್ತಿಸಿ ನನ್ನ ಖಾತೆಯನ್ನೇ ಗುಡಿಸಿಕೊಂಡು ಹೋದ. ಅಂದೇ ತೀರ್ಮಾನಿಸಿದೆ. ಮೋಸಗಾರನಿಗೆ ಅಂಚೆ ಕಚೇರಿಗೆ ಹೋಗಿ, ಸ್ಟಾಂಪು ಕೊಂಡು, ಅಂಟು ಹಚ್ಚಿ, ವಾರಗಟ್ಟಲೆ ಕಾಯುವ ತಾಳ್ಮೆ ಇರುವುದಿಲ್ಲ.

ನಾನು ನಮ್ಮೂರ ಹಾಲಿನ ಡೇರಿಯಲ್ಲಿ ಸೆಕ್ರೆಟರಿಯಾಗಿದ್ದವನು. ಕ್ಯಾನಿನ ಮುಚ್ಚಳ ತೆಗೆದರೆ ಸಾಕು, ನೀರು ಬೆರೆಸಿದ್ದಾರೋ ಇಲ್ಲವೋ ಹೇಳುತ್ತಿದ್ದೆ. ಸಿಟ್ಟಾಗಬೇಡಿ, ನಿಮ್ಮ ಪತ್ರದಲ್ಲೂ ನೀರಿದೆ. ಬೈಕು ಕೊಳ್ಳುವ ಗಂಡಸು ಮೈಲೇಜ್ ಕೇಳುತ್ತಾನೆ, ಟೈರು ಕೇಳುತ್ತಾನೆ. ನೀವು ಸದ್ದಾಗಬಾರದು ಎನ್ನುತ್ತೀರಿ. ಸದ್ದಿಲ್ಲದೆ ಹೋಗಿ ಮಾಡುವ ಕೆಲಸ ಯಾವುದು? ಮನೆಗೆ ಪತ್ರ ಬೇಡ ಎನ್ನುತ್ತೀರಿ. ಮನೆಯವರಿಗೆ ತಿಳಿಯಬಾರದ ವ್ಯಾಪಾರ ಎಂಥದು? ಕೆ.ಪಿ. ಎಂದರೆ ಏನು? ಅಪ್ಪ ಅಮ್ಮ ಇಟ್ಟ ಹೆಸರು ಬರೆಯಲು ಏನು ತೊಂದರೆ?

ನಾನು ಹೀಗೆ ಕೇಳುವುದಕ್ಕೆ ಕಾರಣವಿದೆ. ಹಿಂದೆ ಒಂದು ಹಳೆಯ ಮೊಪೆಡ್ ಮಾರಿದ್ದೆ. ಕೊಂಡವನು ಹೆಸರು ಬದಲಾಯಿಸಲಿಲ್ಲ. ಅದರ ಮೇಲೆ ಕೂತು ಯಾರದೋ ಕತ್ತಿನ ಸರ ಕಿತ್ತ. ಪೊಲೀಸರು ಬಂದದ್ದು ನಮ್ಮ ಮನೆ ಬಾಗಿಲಿಗೆ. ನನ್ನ ಹೆಂಡತಿ ಪ್ರಮೀಳಾ ಅವರಿಗೆ ಟೀ ಮಾಡಿಕೊಟ್ಟಳು. ಬೀದಿಯವರೆಲ್ಲ ಜಗಲಿ ಮೇಲೆ ನಿಂತು ನೋಡಿದರು. ಆ ದಿನದ ನಾಚಿಕೆ ನನಗೆ ಇನ್ನೂ ಹೋಗಿಲ್ಲ. ಇನ್ನೊಮ್ಮೆ ನನ್ನ ಹೆಸರು ಸ್ಟೇಷನ್ನಿನಲ್ಲಿ ಕೂಗಿಸಿಕೊಳ್ಳಲಾರೆ. ಬೈಕು ತುಕ್ಕು ಹಿಡಿದರೂ ಸರಿ, ಕಂಡಕಂಡವರಿಗೆ ಕೊಡುವುದಿಲ್ಲ.

ಸೀಟು ತಗ್ಗಾಗಿದೆ. ಸೈಲೆನ್ಸರ್ ಕಂಪನಿಯದು. ಕೊಡುವುದು ಒಂದು ಕೀ. ಮಾರುವ ಕಾರಣ ನನ್ನ ಸ್ವಂತದ್ದು.

ಶಿವಣ್ಣ


ನಾಗಮಂಗಲ
೧೫ ಜೂನ್ ೨೦೨೪

ಶಿವಣ್ಣನವರಿಗೆ,

ನೀವು ಹಾಲು ಅಳೆದವರು, ನನ್ನದು ನೆಲ ಅಳೆಯುವ ಕೆಲಸ. ನಾಗಮಂಗಲದ ಸುತ್ತ ಹೊಲ, ತೋಟಗಳ ಸರ್ವೆ ಮಾಡುತ್ತೇನೆ. ಎರಡು ಕಲ್ಲಿನ ನಡುವೆ ಯಾರು ಪಕ್ಕದವರ ನೆಲಕ್ಕೆ ಬದು ಒತ್ತಿದ್ದಾರೆ ಎಂಬುದು ನನಗೂ ಬೇಗ ಗೊತ್ತಾಗುತ್ತದೆ.

ನಿಮ್ಮ ಪತ್ರದಲ್ಲಿ ಬದು ಒತ್ತಿರುವುದು ಒಂದೇ ಕಡೆ. 'ಕೊಡುವುದು ಒಂದು ಕೀ' ಎಂದಿದ್ದೀರಿ. ಇರುವುದು ಒಂದು ಎಂದಿಲ್ಲ. ಹಾಗಾದರೆ ಇನ್ನೊಂದು ಎಲ್ಲಿದೆ? ನಮ್ಮ ಆಫೀಸಿನ ಕುಮಾರ್ ಹೀಗೇ ಒಂದು ಬೈಕು ಕೊಂಡರು. 'ಇನ್ನೊಂದು ಕೀ ಎಲ್ಲೋ ಬಿದ್ದುಹೋಯ್ತು' ಎಂದನಂತೆ ಮಾರಿದವನು. ತಿಂಗಳು ಕಳೆಯುವುದರೊಳಗೆ ಮನೆ ಮುಂದೆ ನಿಲ್ಲಿಸಿದ್ದ ಬೈಕು ಬೀಗ ಮುರಿಯದೆ ಮಾಯವಾಯಿತು. ಅದೇ ಬೈಕನ್ನು ಎಷ್ಟು ಜನಕ್ಕೆ ಮಾರಿದ್ದನೋ.

ನೀವು ಅಂಥವರು ಎಂದು ಹೇಳುತ್ತಿಲ್ಲ. ಅಲ್ಲ ಎಂದು ತಿಳಿಯುವ ದಾರಿ ನನಗಿಲ್ಲ, ಅಷ್ಟೇ. ಕಾರಣ ಸ್ವಂತದ್ದು ಎನ್ನುತ್ತೀರಿ. ಬೈಕು ಎಲ್ಲಾದರೂ ಯಾರಿಗಾದರೂ ಗುದ್ದಿದೆಯೇ?

ಸದ್ದು ಕಡಿಮೆ ಕೇಳಿದ್ದು, ನಮ್ಮ ಬೀದಿಯಲ್ಲಿ ನಾನು ಹೋಗುವುದು ಬರುವುದು ಎಲ್ಲರಿಗೂ ಸುದ್ದಿಯಾಗದಿರಲಿ ಎಂದು. ನನ್ನೂರು ಅಕ್ಕಿಹೆಬ್ಬಾಳು, ಕರಿಯಯ್ಯನವರ ಮನೆ. ಇದಕ್ಕಿಂತ ಹೆಚ್ಚು ಈಗ ಬೇಡ. ಬೈಕನ್ನು ಕಣ್ಣಾರೆ ನೋಡಬೇಕು.

ಕೆ.ಪಿ.


ಪಾಲಹಳ್ಳಿ
೨೧ ಜೂನ್ ೨೦೨೪

ಕೆ.ಪಿ. ಅವರಿಗೆ,

ಯಾರಿಗೂ ಗುದ್ದಿಲ್ಲ. ಪ್ರಮೀಳಾಳನ್ನು ಹಿಂದೆ ಕೂರಿಸಿಕೊಂಡು ರಾಮೇಶ್ವರಕ್ಕೆ ಹೋಗಿಬಂದ ಬೈಕು ಅದು. ದಾರಿಯಲ್ಲಿ ಒಂದು ಕೋಳಿಗೂ ನೋವಾಗಿಲ್ಲ.

ಎರಡನೆಯ ಕೀ ಮನೆಯಲ್ಲಿದೆ. ಕಳೆದಿಲ್ಲ. ಕೊಡುವುದಿಲ್ಲ. ಯಾಕೆ ಎಂದು ಹೇಳಿದರೆ ನೀವು ನಗುತ್ತೀರಿ. ಒಮ್ಮೆ ನಕ್ಕಿದ್ದೀರಿ, ಸಾಕು.

ಜೂನ್ ಮೂವತ್ತು, ಭಾನುವಾರ ಬೆಳಿಗ್ಗೆ ಪಾಂಡವಪುರದಲ್ಲಿ ಮೆಕ್ಯಾನಿಕ್ ಮಹದೇವಸ್ವಾಮಿಯ ಶೆಡ್ಡಿಗೆ ಬನ್ನಿ. ಊರ ನಡುವೆ, ನಾಲ್ಕು ಜನರ ಕಣ್ಣೆದುರು ಇದೆ. ನಿಮಗೂ ಕ್ಷೇಮ, ನನಗೂ ಕ್ಷೇಮ. ಕೈಯಲ್ಲಿ ನನ್ನ ಈ ಪತ್ರ ಹಿಡಿದುಕೊಂಡು ಬಂದರೆ ಗುರುತು ಸಿಗುತ್ತದೆ.

ಶಿವಣ್ಣ


ಪಾಲಹಳ್ಳಿ
೧ ಜುಲೈ ೨೦೨೪

ಕೆ.ಪಿ. ಎಂಬುವವರಿಗೆ,

ನಿನ್ನೆ ಮಧ್ಯಾಹ್ನದವರೆಗೆ ಆ ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದೆ. ನೀವು ಬರಲಿಲ್ಲ. ಯಾವ ಗಂಡಸೂ ಪತ್ರ ಹಿಡಿದು ಬರಲಿಲ್ಲ.

ಬಂದವರು ಇಬ್ಬರು ಹೆಣ್ಣುಮಕ್ಕಳು. ಅದರಲ್ಲೊಬ್ಬಳು ಹೇಳದೆ ಕೇಳದೆ ಬೈಕಿನ ಸುತ್ತ ಬಂದಳು, ಬಗ್ಗಿ ಎಡಗಡೆಯೆಲ್ಲ ನೋಡಿದಳು, ಹತ್ತಿ ಕೂತೇಬಿಟ್ಟಳು. ನಾನು "ಇಳಿಯವ್ವ ಕೆಳಕ್ಕೆ, ಇದೇನ್ ನಿನ್ ಸ್ಕೂಟಿ ಅಂದ್ಕಂಡಾ? ಮೈಮೇಲ್ ಬಿದ್ರೆ ಕಾಲ್ ಮುರ್ದೋಯ್ತದೆ" ಎಂದು ಗದರಿದೆ. ಅವಳು ಇಳಿಯಲಿಲ್ಲ. "ಎರ್ಡೂ ಕಾಲು ಸಿಗ್ತವೆ ಯಜಮಾನ್ರೇ" ಎಂದಳು. ಆಮೇಲೆ ನನ್ನನ್ನು ಒಂದು ಥರ ನೋಡಿ, ಗೆಳತಿಯನ್ನು ಕರೆದುಕೊಂಡು ಹೊರಟುಹೋದಳು. ಕಾಲು ಸಿಗುವ ಮಾತು ನಿಮ್ಮ ಪತ್ರದಲ್ಲಿದ್ದದ್ದು. ಆ ಹುಡುಗಿಯನ್ನು ಬೇಹುಗಾರಿಕೆಗೆ ಕಳಿಸಿದವರು ನೀವೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಇನ್ನೊಂದು ಸುದ್ದಿ. ನನ್ನ ತಂಗಿಯ ಮಗ ಲೋಕೇಶ್ ಕೆ.ಆರ್. ಪೇಟೆಯಲ್ಲಿದ್ದಾನೆ. ಅವನನ್ನು ಕಳೆದ ವಾರ ಅಕ್ಕಿಹೆಬ್ಬಾಳಿಗೆ ಅಟ್ಟಿದ್ದೆ. ಬಂದು ಹೇಳಿದ: "ಬೈಕ್ ತಕ್ಕೊಳೋ ಕೆ.ಪಿ. ಅನ್ನೋನು ಆ ಊರ್ನಾಗೆ ಯಾವನೂ ಇಲ್ಲ ಕಣ್ ಮಾವ. ಕರಿಯಯ್ಯನ ಮನೇಲಿ ಇರೋಳು ಒಬ್ಳೇ ಮಗಳು. ಅವ್ಳು ಹಸ ತರ್ತಾವ್ಳಂತೆ. ಆವಯ್ಯ ಸಂತೇಲಿ ಹೊಸ ಹಗ್ಗಾನೂ ತಂದ್ ಮಡಗವ್ನೆ."

ಹಸು ಕಟ್ಟುವ ಬಡಪಾಯಿ ಸಂಸಾರದ ವಿಳಾಸವನ್ನು ನಿಮ್ಮ ಕಳ್ಳ ವ್ಯವಹಾರಕ್ಕೆ ಬಳಸಿದ್ದೀರಿ. ನಾಚಿಕೆಯಾಗಬೇಕು. ಇನ್ನು ಪತ್ರ ಬಂದರೆ ಎಲ್ಲವನ್ನೂ ಕಟ್ಟಿ ಸ್ಟೇಷನ್ನಿಗೆ ಕೊಡುತ್ತೇನೆ.

ಶಿವಣ್ಣ


ನಾಗಮಂಗಲ
೪ ಜುಲೈ ೨೦೨೪

ಶಿವಣ್ಣನವರೇ,

ಕೊಡಿ. ಸ್ಟೇಷನ್ನಿಗೇ ಕೊಡಿ. ಜೊತೆಗೆ ಈ ಪತ್ರವನ್ನೂ ಸೇರಿಸಿ.

ನನ್ನ ಹೆಸರು ಕೆ. ಪ್ರಿಯಾಂಕ. ಅಕ್ಕಿಹೆಬ್ಬಾಳಿನ ಕರಿಯಯ್ಯನವರ ಮಗಳು. ಭಾನುವಾರ ನೀವು ಗದರಿಸಿ ಇಳಿಯಲು ಹೇಳಿದ ಹುಡುಗಿ ನಾನೇ. ನಿಮ್ಮ ಪತ್ರ ನನ್ನ ಬ್ಯಾಗಿನಲ್ಲೇ ಇತ್ತು. ತೆಗೆಯಬೇಕು ಎಂದುಕೊಳ್ಳುವಷ್ಟರಲ್ಲಿ ನೀವು ಸ್ಕೂಟಿ ಎಂದಿರಿ. ತೆಗೆಯಲು ಮನಸ್ಸಾಗಲಿಲ್ಲ.

ಪೂರ್ತಿ ಹೆಸರು ಬರೆಯದಿದ್ದುದು ಯಾಕೆ ಎಂದು ಈಗಲಾದರೂ ಗೊತ್ತಾಯಿತೇ? ಇದಕ್ಕೆ ಮೊದಲು ಬೈಕು ಮಾರುವ ಇಬ್ಬರಿಗೆ ಪೂರ್ತಿ ಹೆಸರು ಹೇಳಿದ್ದೆ. ಒಬ್ಬರು 'ಮನೇಲಿ ಗಂಡಸ್ರು ಯಾರೂ ಇಲ್ವಾ?' ಎಂದರು. ಇನ್ನೊಬ್ಬರು ಬ್ರೇಕಿಲ್ಲದ ಬೈಕನ್ನು, ಹೆಣ್ಣುಮಗಳಿಗೆ ಏನು ತಿಳಿಯುತ್ತದೆ ಎಂದು, ನನ್ನ ತಲೆಗೆ ಕಟ್ಟಲು ನೋಡಿದರು. ಇಲ್ಲಿಯತನಕ ನಾನು ದೂರದ ಊರುಗಳನ್ನು ನೋಡಿದ್ದೆಲ್ಲ ಇನ್ನೊಬ್ಬರ ಬೆನ್ನ ಹಿಂದಿನಿಂದ. ಭಾವನ ಬೆನ್ನು, ಚಿಕ್ಕಪ್ಪನ ಬೆನ್ನು. ನನಗೆ ಎದುರಿನ ರಸ್ತೆ ಕಾಣಬೇಕು. ಇದು ಬಿಟ್ಟು ಬೇರೆ ಕಳ್ಳ ವ್ಯವಹಾರವಿಲ್ಲ.

ಹಸುವಿನ ಮಾತು ನಾನು ಮನೆಯಲ್ಲಿ ಹೇಳಿದ ಸುಳ್ಳು. ಬೈಕು ಎಂದರೆ ಅವ್ವ ಊಟ ಬಿಡುತ್ತಾಳೆ. ಹಸು ಎಂದರೆ ಕೊಟ್ಟಿಗೆ ಸಾರಿಸುತ್ತಾಳೆ. ಮೊದಲು ತಂದು ನಿಲ್ಲಿಸಿ ಆಮೇಲೆ ಬೈಸಿಕೊಳ್ಳೋಣ ಎಂದಿದ್ದೆ. ನಿಮ್ಮ ಲೋಕೇಶ್ ಬಂದು ಹೋದ ಮೇಲೆ ಅಪ್ಪ ನನ್ನ ಮುಖವನ್ನೇ ನೋಡುತ್ತಾ "ಅದ್ಯಾವ್ದವ್ವ ಬೈಕು?" ಎಂದರು. ಯಾರೋ ಮನೆ ತಪ್ಪಿ ಬಂದಿದ್ದರು ಎಂದೆ. ಅಪ್ಪ ನಂಬಲಿಲ್ಲ, ಆದರೂ ಹಗ್ಗವನ್ನು ನನ್ನ ಕೈಗೇ ಕೊಟ್ಟರು. "ಮಾರೋರು ಹಗ್ಗ ಕೊಡಕಿಲ್ಲ ಕಣವ್ವ, ನಾವೇ ತಕ್ಕಂಡ್ ಹೋಗ್ಬೇಕು." ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ಆಫೀಸಿಗೆ ಬಂದು ಈ ಪತ್ರ ಬರೆಯುತ್ತಿದ್ದೇನೆ.

ನನ್ನದೆಲ್ಲ ಹೇಳಿಯಾಯಿತು. ನಿಮ್ಮ ಸರದಿ. ಟ್ಯಾಂಕಿನ ಎಡಗಡೆ ಉಜ್ಜಿದ ಗಾಯವಿದೆ, ಕಾಲಿಡುವ ಕಬ್ಬಿಣ ಬಾಗಿದೆ. ಯಾರಿಗೂ ಗುದ್ದಿಲ್ಲ ಎಂದು ಬರೆದಿದ್ದಿರಿ. ಬೈಕು ಬಿದ್ದದ್ದೆಲ್ಲಿ? ಆ ಕೀ ಇಟ್ಟುಕೊಳ್ಳುತ್ತಿರುವುದು ಯಾಕೆ? ಎರಡಕ್ಕೂ ಉತ್ತರವಿಲ್ಲದಿದ್ದರೆ ನಮ್ಮ ವ್ಯವಹಾರ ಇಲ್ಲಿಗೆ ಮುಗಿಯಿತು.

ಕೆ. ಪ್ರಿಯಾಂಕ


ಪಾಲಹಳ್ಳಿ
೧೬ ಜುಲೈ ೨೦೨೪

ಪ್ರಿಯಾಂಕಮ್ಮನವರಿಗೆ ಶಿವಣ್ಣ ಬರೆಯುವುದು.

ನಿಮ್ಮ ಪತ್ರವನ್ನು ಪ್ರಮೀಳಾಳಿಗೆ ಓದಿ ಹೇಳಿದೆ. ಅವಳು ನನ್ನ ಪರ ಒಂದು ಮಾತೂ ಆಡಲಿಲ್ಲ. "ಯಾರಾದ್ರೂ ಮನೆ ಬಾಗ್ಲಿಗೆ ಬಂದ್ರೆ ನೀವು ಮೊದ್ಲು ಲ್ಯಾಕ್ಟೋಮೀಟರ್ ಅದ್ದಿ ನೋಡೋರು" ಎಂದು ಎದ್ದು ಹೋದಳು. ಉತ್ತರಕ್ಕೆ ಇಷ್ಟು ದಿನ ಹಿಡಿದದ್ದು ಅದಕ್ಕೇ.

ಬೈಕು ಬಿದ್ದದ್ದು ನಮ್ಮ ಅಂಗಳದಲ್ಲಿ. ಹೋದ ವರ್ಷ ಕೊಟ್ಟಿಗೆಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡೆ. ಕೂಡಿಸಿದರು, ಆದರೆ ಬಲಗಾಲು ಮೊದಲಿನಂತಿಲ್ಲ. ಯುಗಾದಿ ದಿನ ತೊಳೆದು ಹೂ ಹಾಕೋಣ ಎಂದು ಸ್ಟ್ಯಾಂಡಿನಿಂದ ಇಳಿಸಿದೆ. ಭಾರ ತಡೆಯಲಾಗದೆ ಅದರೊಂದಿಗೇ ಉರುಳಿದೆ. ನಾನೂ ಪ್ರಮೀಳಾಳೂ ಸೇರಿ ಎತ್ತಲು ನೋಡಿದೆವು, ಆಗಲಿಲ್ಲ. ಪಕ್ಕದ ಮನೆ ಪುಟ್ಟತಾಯಮ್ಮ ತನ್ನ ಮನೆಯವರನ್ನೆಲ್ಲ ಕೂಗಿ ಎತ್ತಿಸಬೇಕಾಯಿತು. ರಾಮೇಶ್ವರದವರೆಗೆ ನನ್ನ ಮಾತು ಕೇಳಿದ ಬೈಕು. ಎಲ್ಲರೂ ಹೋದಮೇಲೆ ನನಗೆ ಅಳು ಬಂತು. ಮಗಳು ಶ್ವೇತ ಫೋನಿನಲ್ಲೇ 'ಮಾರಿಬಿಡಪ್ಪ' ಎಂದಳು. ಕಾರಣ ಸ್ವಂತದ್ದು ಎಂದು ಬರೆದದ್ದು ಇದನ್ನೇ. ನಲವತ್ತು ವರ್ಷ ಗಾಡಿ ಓಡಿಸಿದವನು, ಗಾಡಿ ನಿಲ್ಲಿಸಿಕೊಳ್ಳಲಾರೆ ಎಂದು ಗುರುತಿಲ್ಲದವರಿಗೆ ಹೇಗೆ ಬರೆಯಲಿ?

ಇನ್ನು ಕೀಯ ವಿಷಯ. ನಿಮ್ಮ ಅಪ್ಪನ ಮಾತನ್ನು ನಾನು ಎರಡೆರಡು ಸಲ ಓದಿದೆ. ಇಷ್ಟು ದಿನ ನಾನು ಹೇಳಲು ನಾಚಿದ್ದನ್ನು ಅವರು ನಿಮ್ಮ ಕೈಗೇ ಕೊಟ್ಟು ಕಳಿಸಿದ್ದಾರೆ. ನಮ್ಮ ಮನೆಯಿಂದ ಹೋದ ಯಾವ ಹಸುವಿನ ಜೊತೆಯೂ ಹಗ್ಗ ಹೋಗಿಲ್ಲ. ಹಗ್ಗ ಕೊಟ್ಟರೆ ಕೊಟ್ಟಿಗೆಯ ಲಕ್ಷ್ಮಿಯೂ ಹಿಂದೆಯೇ ಹೊರಡುತ್ತಾಳೆ ಎಂದು ನಮ್ಮವ್ವ ಹೇಳುತ್ತಿದ್ದಳು. ಬೈಕಿಗೆ ಹಗ್ಗ ಎಲ್ಲಿದೆ? ಇರುವುದು ಕೀ. ಎರಡರಲ್ಲಿ ಒಂದನ್ನು ಉಳಿಸಿಕೊಳ್ಳೋಣ ಎಂದುಕೊಂಡೆ. ಡೇರಿಯ ಸೆಕ್ರೆಟರಿ ಬೈಕಿಗೂ ಹಗ್ಗ ಕಟ್ಟುತ್ತಾನೆ ಎಂದು ನೀವು ನಗುತ್ತೀರೆಂದು ಬಾಯಿ ಬಿಡಲಿಲ್ಲ.

ಈಗ ಆಷಾಢ. ಶ್ರಾವಣ ಬಂದಮೇಲೆ ಬನ್ನಿ. ಹೆಸರು ಬದಲಾವಣೆಯ ಕಾಗದಕ್ಕೆ ಸಹಿ ಹಾಕದೆ ಮಾತ್ರ ಬೈಕು ಅಂಗಳ ದಾಟುವುದಿಲ್ಲ. ಇದರಲ್ಲಿ ರಿಯಾಯಿತಿ ಇಲ್ಲ.

ಶಿವಣ್ಣ


ಅಕ್ಕಿಹೆಬ್ಬಾಳು
೧೮ ಆಗಸ್ಟ್ ೨೦೨೪

ಶಿವಣ್ಣನವರಿಗೆ ಪ್ರಿಯಾಂಕಳ ನಮಸ್ಕಾರಗಳು.

ಮನೆಯ ವಿಳಾಸದಿಂದಲೇ ಬರೆಯುತ್ತಿದ್ದೇನೆ, ಗಮನಿಸಿ.

ಬೈಕು ಸುಖವಾಗಿ ಬಂತು. ನೀವು ಹೇಳಿದಂತೆ ಹಳ್ಳ ಕಂಡಲ್ಲೆಲ್ಲ ಎರಡನೇ ಗೇರಿಗೆ ಬಂದೆ. ಊರು ಹತ್ತಿರವಾದಾಗ ನಿಲ್ಲಿಸಿ, ಅಪ್ಪ ಕೊಟ್ಟ ಹಗ್ಗವನ್ನು ಹ್ಯಾಂಡಲಿಗೆ ಸುತ್ತಿದೆ. ಅವ್ವ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬೈಕು ಕಂಡ ಕೂಡಲೇ ತಟ್ಟೆಯನ್ನು ಜಗಲಿ ಮೇಲಿಟ್ಟು ಒಳಗೆ ಹೋದಳು. ಅಪ್ಪ ಹಗ್ಗ ನೋಡಿದರು, ಬೈಕು ನೋಡಿದರು, ನನ್ನನ್ನು ನೋಡಿದರು. ಸಂತೆಯಲ್ಲಿ ಹಸು ನೋಡುವ ಹಾಗೆಯೇ ಒಂದು ಸುತ್ತು ಬಂದು, ಟ್ಯಾಂಕ್ ತಟ್ಟಿ, ಎಷ್ಟು ಕರು ಹಾಕಿದೆ ಎಂದು ಕೇಳುವವರಂತೆ "ಎಷ್ಟ್ನೇ ಸೂಲು?" ಎಂದರು.

"ಎರಡ್ನೇದು ಕಣಪ್ಪ" ಎಂದೆ.

"ಒದೀತದಾ?"

ಇಲ್ಲ ಎಂದೆ. ಅವ್ವ ಮೂರು ದಿನ ಮಾತು ಬಿಟ್ಟಿದ್ದಳು. ನಿನ್ನೆ ಕೆ.ಆರ್. ಪೇಟೆಗೆ ಕರೆದುಕೊಂಡು ಹೋಗು ಎಂದಳು.

ಒಂದು ಮಾತು ಮುಚ್ಚಿಡದೆ ಹೇಳುತ್ತೇನೆ. ನಿಮ್ಮ ಕೊಟ್ಟಿಗೆಯ ಗೋಡೆಯಲ್ಲಿ ಹಳೆಯ ಹಗ್ಗಗಳು ಸಾಲಾಗಿ ತೂಗುತ್ತಿದ್ದುದನ್ನು ನೋಡಿ ಎರಡನೆಯ ಕೀ ಕೇಳದೆ ಬಂದೆ. ಆದರೆ ಅನುಮಾನ ಪೂರ್ತಿ ಹೋಯಿತು ಎಂದರೆ ಸುಳ್ಳಾಗುತ್ತದೆ. ಒಂದು ಕೀ ನಿಮ್ಮಲ್ಲೇ ಇದೆ ಎಂದು ಅಪ್ಪನಿಗೆ ಹೇಳಿದೆ. "ಪದ್ಧತಿ ಪದ್ಧತಿನೇ" ಎಂದರು. ಅಂದಿನಿಂದ ದಿನಾ ಸಂಜೆ ಹಸು ಕಟ್ಟುವ ಸರಪಳಿ ತಂದು, ಬೈಕಿನ ಚಕ್ರವನ್ನು ಗೂಟಕ್ಕೆ ಕಟ್ಟಿ ಬೀಗ ಹಾಕುತ್ತಾರೆ. ನಾನೂ ಬೇಡ ಎಂದಿಲ್ಲ.

ಪ್ರಿಯಾಂಕ


ಪಾಲಹಳ್ಳಿ
೨೦ ಅಕ್ಟೋಬರ್ ೨೦೨೪

ಮಗಳು ಪ್ರಿಯಾಂಕಳಿಗೆ ಶಿವಣ್ಣನ ಆಶೀರ್ವಾದ.

ಹೆಸರು ಬದಲಾದ ಕಾರ್ಡಿನ ಜೆರಾಕ್ಸ್ ತಲುಪಿತು. ಇನ್ನು ಯಾವ ಪೊಲೀಸು ಬಂದರೂ ಪ್ರಮೀಳಾ ಟೀ ಮಾಡಬೇಕಾಗಿಲ್ಲ. ನಿಮ್ಮ ಅಪ್ಪ ಸರಪಳಿ ಹಾಕುವುದು ಸರಿಯಾಗಿಯೇ ಇದೆ. ಅವರ ಜಾಗದಲ್ಲಿ ನಾನಿದ್ದರೆ ಎರಡು ಹಾಕುತ್ತಿದ್ದೆ.

ಆಯುಧಪೂಜೆಗೆ ಬೈಕಿಗೆ ಏನು ಮಾಡಿದಿರಿ? ಕುಂಬಳಕಾಯಿ ಒಡೆದಿರಾ? ಇಲ್ಲಿ ನಾನು ಕುಡುಗೋಲು, ಮೇವು ಕತ್ತರಿಸುವ ಮಿಷನ್ನು ಇಟ್ಟು ಪೂಜೆ ಮಾಡಿದೆ. ಬೈಕು ನಿಲ್ಲುತ್ತಿದ್ದ ಜಾಗಕ್ಕೆ ಪ್ರಮೀಳಾ ಸುಮ್ಮನೆ ರಂಗೋಲಿ ಹಾಕಿದಳು. ಯಾಕೆ ಎಂದು ಕೇಳಿದ್ದಕ್ಕೆ ಖಾಲಿ ಇದೆಯಲ್ಲ ಎಂದಳು.

ನೋಡಬೇಕೆನಿಸಿದರೂ ನಾನು ಅಲ್ಲಿಗೆ ಬರುವುದಿಲ್ಲ. ಮಾರಿದ ಹಸುವನ್ನು ನೋಡಲು ಹೋಗುವುದು ನಮ್ಮಲ್ಲಿಲ್ಲ, ಅದು ದಾರಿ ಮರೆಯಲಿ ಎಂದು. ಆ ಕೀಯನ್ನು ಹಗ್ಗಗಳ ಜೊತೆ ಗೋಡೆಗೆ ನೇತುಹಾಕಿದ್ದೆ. ಈಗ ನನ್ನ ಜೇಬಿನಲ್ಲಿದೆ. ಅದನ್ನು ಹಿಡಿದುಕೊಂಡು ನಾನೇನೂ ಮಾಡುವುದಿಲ್ಲ, ಹೆದರಬೇಡ. ಸಂಜೆ ಕಾಲುವೆ ಕಡೆ ರಸ್ತೆಯಲ್ಲಿ ಯಾವುದಾದರೂ ದೊಡ್ಡ ಬೈಕು ಹೋದರೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ, ಅಷ್ಟೇ.

ಆಯಿಲ್ ಬದಲಾಯಿಸುವುದನ್ನು ಮರೆಯಬೇಡ.

ಶಿವಣ್ಣ


ಪಾಲಹಳ್ಳಿ, ನಿಮ್ಮ ಮನೆಯ ಜಗಲಿ
೨೪ ನವೆಂಬರ್ ೨೦೨೪, ಭಾನುವಾರ

ಶಿವಣ್ಣನವರಿಗೆ,

ಇದು ಅಂಚೆ ಚೀಟಿ ಇಲ್ಲದ ಪತ್ರ, ಬಾಗಿಲ ಸಂದಿಯಲ್ಲಿ ತೂರಿಸುತ್ತಿದ್ದೇನೆ. ಕ್ಷಮಿಸಿ, ಹೇಳದೆ ಬಂದೆ. ಹೇಳಿದ್ದರೆ ನಿಮ್ಮ ಪದ್ಧತಿಯ ಮಾತು ತೆಗೆದು ಬೇಡ ಎನ್ನುತ್ತಿದ್ದಿರಿ. ನೀವು ಹಸುವನ್ನು ನೋಡಲು ಹೋಗುವಂತಿಲ್ಲ, ಸರಿ. ಹಸುವೇ ಬಂದರೆ ಏನು ಮಾಡಬೇಕೆಂದು ನಿಮ್ಮವ್ವ ಹೇಳಿರಲಾರರು.

ಅಪ್ಪನೂ ಜೊತೆಗೆ ಬಂದಿದ್ದಾರೆ. ಹಗ್ಗ ಉಳಿಸಿಕೊಂಡವರನ್ನು ಒಮ್ಮೆ ನೋಡಬೇಕು ಎಂದರು. ಮನೆಗೆ ಬೀಗ ಇತ್ತು. ನೀವು ಬೀಗರ ಊಟಕ್ಕೆಂದು ಶ್ರೀರಂಗಪಟ್ಟಣಕ್ಕೆ ಹೋಗಿದ್ದೀರಿ, ಮಧ್ಯಾಹ್ನ ಬರುತ್ತೀರಿ ಎಂದು ಪುಟ್ಟತಾಯಮ್ಮ ಹೇಳಿದರು. ಅಲ್ಲಿಯವರೆಗೆ ಅಪ್ಪನಿಗೆ ಅಣೆಕಟ್ಟೆ ನೋಡಬೇಕಂತೆ. ನಾವಿಬ್ಬರೂ ಬಸ್ಸಿನಲ್ಲಿ ಕೆ.ಆರ್.ಎಸ್.ಗೆ ಹೋಗುತ್ತಿದ್ದೇವೆ. ಕತ್ತಲಾಗುವ ಮುಂಚೆ ಬರುತ್ತೇವೆ.

ಬೈಕು ಅದರ ಹಳೆಯ ಜಾಗದಲ್ಲಿದೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಅಲುಗಾಡಿಸಿ ನೋಡಿದ್ದೇನೆ, ಬೀಳುವುದಿಲ್ಲ. ಅಪ್ಪ ಸರಪಳಿ ತಂದಿದ್ದರು. ಹಾಕಲು ಹೋದವರು ಅಂಗಳವನ್ನೊಮ್ಮೆ ನೋಡಿ, ಮತ್ತೆ ಚೀಲಕ್ಕೆ ಹಾಕಿಕೊಂಡರು.

ನನ್ನ ಕೀ ನನ್ನ ಹತ್ತಿರ ಇದೆ. ನಿಮ್ಮದು ನಿಮ್ಮ ಜೇಬಿನಲ್ಲಿದೆ. ಸ್ಟ್ಯಾಂಡಿನಿಂದ ಇಳಿಸಬೇಡಿ, ಪ್ರಮೀಳಮ್ಮನವರು ನನಗೆ ಬೈಯುತ್ತಾರೆ. ನಾವು ಬಂದಾಗ ಎಂಜಿನ್ ಬಿಸಿಯಾಗಿದ್ದರೆ ಯಾಕೆಂದು ಕೇಳುವುದಿಲ್ಲ.

ಪ್ರಿಯಾಂಕ